ಪಟ್ಟಿಯಲ್ಲಿಲ್ಲದ ವಾಸನೆ

ತೆರೆಯ ಮೇಲಿನ ಕೆಂಪು ಶಿಖರಗಳು ಒಂದೊಂದಾಗಿ ಕುಸಿಯುತ್ತಿದ್ದವು. ನಿಂಬವ್ವನ ಎಡತೋಳಿಗೆ ಸೂಜಿ ಚುಚ್ಚಿ ಇನ್ನೂ ಒಂದು ಗಂಟೆಯಾಗಿರಲಿಲ್ಲ. ಬಲಗೈ ಬೆರಳಿನಿಂದ ಹತ್ತು ನಿಮಿಷಕ್ಕೊಮ್ಮೆ ಒಂದು ಹನಿ ರಕ್ತ ತೆಗೆದುಕೊಂಡು ಯಂತ್ರ ತಾನೇ ಪರೀಕ್ಷಿಸಿ ಗೆರೆ ಎಳೆಯುತ್ತಿತ್ತು. ಮೊದಲ ಹನಿಯಲ್ಲಿ ಅರವತ್ತೊಂದು ಕೆಂಪು ಶಿಖರಗಳಿದ್ದವು, ಒಂದೊಂದು ವಿಷಕ್ಕೆ ಒಂದೊಂದು. ಈಗ ಒಂಬತ್ತು ಉಳಿದಿದ್ದವು. ಅವುಗಳ ಬುಡದಲ್ಲಿ ಹುಲ್ಲಿನ ಹಾಗೆ ಬೂದು ಬಣ್ಣದ ಸಣ್ಣ ಶಿಖರಗಳು ನೂರಾರಿದ್ದವು, ಅವೂ ಮಲಗುತ್ತಿದ್ದವು. ಆ ಕಡೆ ಯಾರೂ ನೋಡಲಿಲ್ಲ. ಕೆಂಪು ಹೋದರೆ ಸಾಕಾಗಿತ್ತು ಎಲ್ಲರಿಗೂ.

"ನೋಡಿಯಮ್ಮ, ನೋಡಿ! ಹೋಗ್ತಾ ಇದೆ," ಎಂದರು ಡಾ. ಕೃಪಾಕರ. ಮೈಸೂರಿನಿಂದ ಬ್ಯಾಡಗಿಗೆ ಬಂದು ನಿರ್ಮಲರಕ್ತ ಕೇಂದ್ರ ತೆರೆದಿದ್ದ ರಸಾಯನ ವಿಜ್ಞಾನಿ ಅವರು. ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಡೆದದ್ದನ್ನು ಕೇಳಿದವರೆಲ್ಲ ಮೊದಲು ಬೈಯುವುದು ಅವರನ್ನೇ.

ಬ್ಯಾಡಗಿಯ ಹೆಂಗಸರ ಎದೆಹಾಲಿನಲ್ಲಿ ಮೆಣಸಿನಕಾಯಿಗೆ ಹೊಡೆಯುವ ಔಷಧಿ ಬರುತ್ತಿದೆ ಎಂಬುದು ಆ ವೇಳೆಗೆ ಹೊಸ ಸುದ್ದಿಯಾಗಿರಲಿಲ್ಲ. ಮೂರು ತಲೆಮಾರು ಸಿಂಪಡಿಸಿದ್ದು ಮಣ್ಣಿಗೆ ಇಳಿದು, ನೀರಿಗೆ ಹೋಗಿ, ಕಾಯಿಯ ತೊಟ್ಟು ಮುರಿಯುವವರ ಬೆರಳಿಗೆ ಹತ್ತಿ, ಕೊನೆಗೆ ಕೂಸಿನ ಬಾಯಿಗೆ ಬರುತ್ತಿತ್ತು. ಮೈಯಲ್ಲಿ ವಿಷ ಮಿತಿ ಮೀರಿದ ತಾಯಿ ಹಾಲು ಕುಡಿಸಬಾರದು ಎಂದು ಕಾನೂನೂ ಆಯಿತು. ಕುಡಿಸದೆ ಇರುವುದು ಹೇಗೆ ಎಂದು ಕಾನೂನು ಹೇಳಲಿಲ್ಲ. ಅದಕ್ಕೆ ಉತ್ತರವಾಗಿ ಬಂದದ್ದು ಜರಡಿಮಣಿ.

ಜರಡಿಮಣಿ ಎಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಮಣಿ. ಒಂದು ಸೂಜಿಯಲ್ಲಿ ಕೋಟಿಗಟ್ಟಲೆ ಮಣಿಗಳು ರಕ್ತಕ್ಕೆ ಸೇರುತ್ತವೆ. ರಕ್ತದಲ್ಲಿರುವ ಪ್ರತಿಯೊಂದು ಸಾವಯವ ಸಂಯುಕ್ತವನ್ನೂ ತಡೆದು ನಿಲ್ಲಿಸಿ, ತಮ್ಮೊಳಗಿನ ಪಟ್ಟಿಯ ಜೊತೆ ಹೋಲಿಸುತ್ತವೆ. ಸಕ್ಕರೆ, ಕೊಬ್ಬು, ಹಾರ್ಮೋನು ಎಲ್ಲ ಪಟ್ಟಿಯಲ್ಲಿವೆ, ಅವಕ್ಕೆ ದಾರಿ ಬಿಡುತ್ತವೆ. ಪಟ್ಟಿಯಲ್ಲಿ ಇಲ್ಲದ್ದನ್ನು ಹಿಡಿದುಕೊಂಡು ಮೂತ್ರದಲ್ಲಿ ಹೊರಹೋಗುತ್ತವೆ. ಆರು ತಿಂಗಳು ಈ ಕಾವಲು ನಡೆಯುತ್ತದೆ. ಒಮ್ಮೆ ಒಳಗೆ ಹೋದ ಮಣಿಗಳನ್ನು ವಾಪಸು ತೆಗೆಯಲು ಬರುವುದಿಲ್ಲ. ತೆಗೆಯಬೇಕಾದ ಸಂದರ್ಭ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

ನಿಂಬವ್ವ ಮಾರ್ಕೆಟ್ಟಿನಲ್ಲಿ ತೊಟ್ಟು ಮುರಿಯುವ ಕೆಲಸದವಳು. ಅವಳ ಮಗಳು ಪಾರಿಗೆ ಆಗ ಐದು ತಿಂಗಳು. ಮೂರು ದಿನ ಕೇಂದ್ರದಲ್ಲೇ ಇರಬೇಕು, ಆಮೇಲೆ ಹೋಗಿ ಕುಡಿಸಬಹುದು ಎಂದಿದ್ದರು. ಅಷ್ಟು ದಿನ ಅತ್ತೆ ಸಾವಂತ್ರವ್ವ ಕೂಸಿಗೆ ಚಮಚದಲ್ಲಿ ಏನೇನೋ ಹನಿಸಿ ಕಾಲ ತಳ್ಳಿದ್ದಳು. ಕೇಂದ್ರದವರು ಕೊಟ್ಟ ಚೀಟಿಯಲ್ಲಿ 'ಮಗುವಿಗೆ ತಾಗುವ ಬಟ್ಟೆಗಳನ್ನು ಒಗೆದಿಡಿ' ಎಂದಿತ್ತು. ಸಾವಂತ್ರವ್ವ ಕೇಳಬೇಕೆ! ಸೊಸೆ ಸ್ವಚ್ಛವಾಗಿ ಬರುತ್ತಾಳೆ, ಮನೆಯೂ ಸ್ವಚ್ಛವಾಗಬೇಕೆಂದು ಸೂತಕ ಕಳೆದ ಮನೆಯಂತೆ ಎಲ್ಲವನ್ನೂ ಹೊರಗೆ ಹಾಕಿದಳು. ಕೌದಿ, ತೊಟ್ಟಿಲ ಬಟ್ಟೆ, ನಿಂಬವ್ವನ ಐದೂ ಸೀರೆ, ಕುಪ್ಪಸ, ದಿಂಬಿನ ಚೀಲ ಎಲ್ಲ ಕುದಿಯುವ ನೀರು ಕಂಡವು. ಗೋಡೆಗೆ ಸುಣ್ಣ ಬಳಿದಳು.

ನಾಲ್ಕನೆಯ ದಿನ ಬೆಳಿಗ್ಗೆ ನಿಂಬವ್ವ ಓಡಿಕೊಂಡೇ ಬಂದಳು. ಹಾಲು ಉಕ್ಕಿ ಕುಪ್ಪಸ ತೊಯ್ದಿತ್ತು. "ಬಾ ನನ್ನ ಬಂಗಾರಾ," ಎಂದು ಕೂಸನ್ನು ಎತ್ತಿ ಎದೆಗಿಟ್ಟುಕೊಂಡಳು. ಕೂಸು ಮೂಗು ತಾಗಿಸಿತು. ಮುಖ ಆ ಕಡೆ ತಿರುಗಿಸಿತು. ಮತ್ತೆ ಇಟ್ಟಳು, ಮತ್ತೆ ತಿರುಗಿಸಿತು. ಮೂರನೆಯ ಸಲ ಬೆನ್ನು ಬಿಲ್ಲಾಗಿಸಿ ಚೀರಿತು. ಗೊತ್ತಿಲ್ಲದವರು ಎತ್ತಿಕೊಂಡರೆ ಚೀರುವ ಹಾಗೆಯೇ ಇತ್ತು ಆ ಚೀರು.

"ಸಿಟ್ಟಾಗೇತಿ ಬಿಡು, ಮೂರು ದಿನ ಬಿಟ್ಟು ಹೋಗಿದ್ದಿ," ಎಂದಳು ಅತ್ತೆ. ಮಧ್ಯಾಹ್ನಕ್ಕೆ ದೃಷ್ಟಿ ಎಂದಳು. ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಓಣಿಯೆಲ್ಲ ಕೆಮ್ಮಿತು. ದೃಷ್ಟಿಯೂ ಅಲ್ಲವೆಂದಾಯಿತು. ಸಂಜೆಯವರೆಗೆ ಕೂಸು ಎರಡು ಚಮಚ ನೀರು ಬಿಟ್ಟು ಏನನ್ನೂ ನುಂಗಲಿಲ್ಲ.

ನಾಲ್ಕು ದಿನ ಹೀಗೇ ಹೋಯಿತು. ಬಾಟಲಿ ಕೊಟ್ಟರೆ ಉಗುಳಿತು. ಹಿಂಡಿದ ಹಾಲನ್ನು ಚಮಚದಲ್ಲಿ ಕೊಟ್ಟರೆ ಮೂರು ಚಮಚಕ್ಕೆ ಒಂದು ಚಮಚ ಒಳಗೆ ಹೋಯಿತು, ಅದೂ ಸಾವಂತ್ರವ್ವನ ತೊಡೆಯ ಮೇಲೆ, ಅರೆನಿದ್ದೆಯಲ್ಲಿ. ತಾಯಿ ಹತ್ತಿರ ಬಂದರೆ ಎಚ್ಚರವಾಗಿ ಅಳುತ್ತಿತ್ತು. ಹಾಲು ಒಂದು ಕಡೆ, ಹಸಿವು ಒಂದು ಕಡೆ, ನಡುವೆ ಗೇಣು ಜಾಗವೂ ಇಲ್ಲ. ಆದರೂ ಇದು ಅದಕ್ಕೆ ಸೇರುವುದಿಲ್ಲ. ಎಂಥ ಕರ್ಮ ಇದು! ಕೂಸಿನ ತೂಕ ಐದು ಕಿಲೋ ಎಂಟುನೂರರಿಂದ ಐದು ಕಿಲೋ ಇನ್ನೂರಕ್ಕೆ ಇಳಿಯಿತು.

ಇಬ್ಬರೂ ಕೂಸನ್ನು ಎತ್ತಿಕೊಂಡು ಕೇಂದ್ರಕ್ಕೆ ಹೋದರು. ಡಾ. ಕೃಪಾಕರ ಹಾಲನ್ನು ಯಂತ್ರಕ್ಕೆ ಕೊಟ್ಟರು. ಗೆರೆ ನೋಡಿ ಅವರ ಮುಖ ಅರಳಿತು.

"ಇಷ್ಟು ಶುದ್ಧವಾದ ಹಾಲು ನಾನು ಇದುವರೆಗೆ ನೋಡಿಲ್ಲಮ್ಮ. ಹಾಲಿನಲ್ಲಿ ಏನೂ ತೊಂದರೆ ಇಲ್ಲ."

"ಹಾಲಿಗೆ ಏನೂ ಆಗಿಲ್ಲ ಖರೇರಿ, ಕೂಸಿಗೆ ಆಗೇತಿ," ಎಂದಳು ನಿಂಬವ್ವ. "ನನ್ನ ಕಂಡ್ರ ಹಾವು ಕಂಡಂಗ ಮಾಡ್ತೈತ್ರಿ. ನಾ ಏನ್ ಪಾಪ ಮಾಡೇನ್ರಿ?" ಎಂದು ಅಲ್ಲೇ ನೆಲದ ಮೇಲೆ ಕುಳಿತು ಅತ್ತುಬಿಟ್ಟಳು.

ಸಾವಂತ್ರವ್ವ ಅವಳನ್ನು ಸಮಾಧಾನಪಡಿಸಲು ಬಾಗಿದವಳು ಹಾಗೆಯೇ ನಿಂತಳು. ಅವಳ ಕೆಲಸವನ್ನು ಇಲ್ಲಿ ಹೇಳಬೇಕು. ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿಯ ರಾಶಿ ಮೂಸಿ ದರ್ಜೆ ಹೇಳುವವಳು ಅವಳು. ಯಾವ ಊರಿನ ಮಾಲು, ಎಷ್ಟು ದಿನ ಒಣಗಿದ್ದು, ಹಳೆಯದನ್ನು ಎಷ್ಟು ಬೆರೆಸಿದ್ದಾರೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ನಲವತ್ತು ವರ್ಷದಿಂದ ಅದೇ ಅವಳ ಅನ್ನ. ಅಂಥವಳು ಸೊಸೆಯ ಕುತ್ತಿಗೆಗೆ ಮೂಗು ಹಚ್ಚಿ ಒಂದು ಸಲ ಎಳೆದಳು, ಕೂದಲು ಮೂಸಿದಳು, ಕಂಕುಳು ಮೂಸಿದಳು.

"ಡಾಕ್ಟ್ರ, ಇಕಿ ಮೈಯಾಗ ವಾಸ್ನಿನ ಇಲ್ರಿ."

"ಒಳ್ಳೇದಲ್ವೇನಮ್ಮ?"

"ಏನ್ ಒಳ್ಳೇದ್ರಿ? ತೊಳದಿಟ್ಟ ಲೋಟದಂಗ ಅದಾಳ. ಬೆವರಿನ ವಾಸ್ನಿ ಐತಿ, ಆದ್ರ ಅದು ಯಾರದೋ ಬೆವರು. ಇಕೀದಲ್ಲ. ನನ್ನ ಸೊಸಿ ವಾಸ್ನಿ ಎಲ್ಲಿ ಹೋತ್ರಿ?"

ಕೃಪಾಕರರು ನಕ್ಕು, ಮಕ್ಕಳಿಗೆ ಪಾಠ ಹೇಳುವ ಧ್ವನಿಯಲ್ಲಿ ವಿವರಿಸಿದರು. "ಹಾಗಲ್ಲಮ್ಮ. ಮಣಿಗಳು ಶರೀರದ್ದನ್ನು ಮುಟ್ಟಲ್ಲ. ಹೊರಗಿನದ್ದನ್ನು ಮಾತ್ರ ಹಿಡೀತವೆ. ನಾವು ಆ ಪಟ್ಟಿ ಹೇಗೆ ಮಾಡಿದ್ದೀವಿ ಗೊತ್ತಾ? ಹತ್ತು ಸಾವಿರ ಜನರ ರಕ್ತ ತಗೊಂಡ್ವಿ. ಎಲ್ಲರಲ್ಲೂ ಇದ್ದದ್ದು ಶರೀರದ್ದು. ಒಬ್ಬರಲ್ಲಿದ್ದು ಇನ್ನೊಬ್ಬರಲ್ಲಿ ಇಲ್ಲದ್ದು ಹೊರಗಿಂದ ಬಂದ ಕಲ್ಮಶ. ಅಂದರೆ ಬರೀ ಅವರಲ್ಲಿ ಮಾತ್ರ ಇರೋದು..."

ಅಲ್ಲಿಗೆ ಅವರ ಮಾತು ನಿಂತಿತು. ಹನ್ನೆರಡು ವರ್ಷ ಸಭೆಗಳಲ್ಲಿ, ಪುಸ್ತಕಗಳಲ್ಲಿ ಹೇಳಿದ್ದ ವಾಕ್ಯ ಅದು. ಯಾರೂ ಆಕ್ಷೇಪ ಎತ್ತಿರಲಿಲ್ಲ. ರಸಾಯನಶಾಸ್ತ್ರದವರಿಗೆ ಅದು ಸಹಜ. ಒಂದು ಪದಾರ್ಥದ ಹತ್ತು ಮಾದರಿಗಳಲ್ಲಿ ಒಂದರಲ್ಲಿ ಮಾತ್ರ ಏನಾದರೂ ಹೆಚ್ಚಿಗೆ ಕಂಡರೆ ಅದು ಕೊಳೆಯೇ. ಮನುಷ್ಯರಿಗೂ ಅದೇ ಲೆಕ್ಕ ಹಾಕಿದ್ದರು.

"ಹಂಗಾರ," ಎಂದು ನಿಂಬವ್ವ ಕಣ್ಣೊರೆಸಿಕೊಂಡಳು, "ಎಲ್ಲಾರ್ದಾಗೂ ಇರೋದು ಬಿಟ್ಟೀರಿ, ನನ್ನಾಗ ಅಷ್ಟ ಇದ್ದದ್ದು ತಗದೀರಿ. ಕೊಳಿ ಅಂತ ತಗದದ್ದ ನಾನೇನ್ರಿ?"

ಕೃಪಾಕರರು ಮೊದಲ ದಿನದ ಗೆರೆಯನ್ನು ತೆರೆಗೆ ತಂದು, ಬುಡದಲ್ಲಿದ್ದ ಬೂದು ಶಿಖರಗಳನ್ನು ಎಣಿಸತೊಡಗಿದರು.

ಕೂಸು ತಾಯಿಯನ್ನು ಗುರುತಿಸಲು ಅವಳ ಹಳೆಯ ವಾಸನೆಯ ಒಂದು ಚಿಂದಿ ಸಿಕ್ಕರೂ ಸಾಕಿತ್ತು. ಮನೆಯಲ್ಲಿ ಎಲ್ಲ ಒಗೆದಾಗಿತ್ತು, ಸೂಜಿಯ ದಿನ ಉಟ್ಟು ಬಂದದ್ದನ್ನು ಕೇಂದ್ರದಲ್ಲೇ ಒಗೆದಿದ್ದರು. ಸಾವಂತ್ರವ್ವ ತನ್ನ ಕೈಯನ್ನು ತಾನೇ ಹೊಡೆದುಕೊಂಡಳು. ಉಳಿದಿದ್ದದ್ದು ಒಂದೇ. ಮೊದಲ ದಿನ ನಿಂಬವ್ವನ ಮೈಯಿಂದ ಹೊರಬಿದ್ದ ಮಣಿಗಳನ್ನು ತೊಳೆದು ತೆಗೆದ ಮೂರು ಮಿಲಿಲೀಟರ್ ರಸ, ಗಾಜಿನ ಕುಪ್ಪಿಯಲ್ಲಿ ಬಾಯಿ ಕರಗಿಸಿ ಮುಚ್ಚಿ, ದಾಖಲೆಗೆಂದು ಇಟ್ಟದ್ದು.

"ಅದನ್ನ ಹಂಗ ಇಕಿ ಕುತ್ತಿಗಿಗೆ ಹಚ್ಚರಿ ಮತ್ತ!" ಎಂದಳು ಸಾವಂತ್ರವ್ವ.

"ಅಯ್ಯೋ, ಅದರಲ್ಲಿ ಅರವತ್ತೊಂದು ವಿಷ ಇದೆಯಮ್ಮ. ಕೂಸಿನ ಮೂಗಿಗೆ ಅದನ್ನ ಹಿಡಿಯೋಕಾಗತ್ತಾ? ಬೇರೆ ಮಾಡ್ತೀನಿ. ವಿಷ ತೆಗೆದು ಬಾಕಿಯದ್ದು ಕೊಡ್ತೀನಿ. ಸ್ವಲ್ಪ ದಿನ ತಡೀರಿ."

ರಸಾಯನಶಾಸ್ತ್ರದವರ ಕೈಗೆ ಮಿಶ್ರಣ ಸಿಕ್ಕರೆ ಹೀಗೇ. ಬೇರ್ಪಡಿಸದೆ ಅವರಿಗೆ ನಿದ್ದೆ ಬರುವುದಿಲ್ಲ. ಸಣ್ಣ ಗಾಜಿನ ಕೊಳವೆಗೆ ಬಿಳಿಯ ಸಿಲಿಕಾ ಪುಡಿ ತುಂಬಿ, ಮೇಲೆ ಆ ರಸ ಹಾಕಿ, ದ್ರಾವಕ ಇಳಿಬಿಟ್ಟರು. ಮಸಿಯ ಚುಕ್ಕೆಗೆ ನೀರು ತಾಗಿದಾಗ ಬಣ್ಣಗಳು ಬೇರೆ ಬೇರೆಯಾಗಿ ಹರಡುತ್ತವಲ್ಲ, ಅದೇ ತತ್ತ್ವ. ಪುಡಿಗೆ ಅಂಟುವ ಅಣು ನಿಧಾನವಾಗಿ ಇಳಿಯುತ್ತದೆ, ಅಂಟದ್ದು ಬೇಗ ಇಳಿಯುತ್ತದೆ. ಒಂದೊಂದನ್ನೂ ಒಂದೊಂದು ಶೀಶೆಯಲ್ಲಿ ಹಿಡಿದರು. ಅರವತ್ತೊಂದು ವಿಷ ಬಿಟ್ಟು ಮುನ್ನೂರ ಹನ್ನೆರಡು ಶೀಶೆಗಳಾದವು. ಯಾವುದು ಏನೆಂದು ತಿಳಿಯಲು ಪ್ರತಿಯೊಂದರ ಒಂದಷ್ಟನ್ನು ತೂಗುಯಂತ್ರಕ್ಕೆ ಕೊಡಬೇಕು. ಆ ಯಂತ್ರ ಅಣುವನ್ನು ಒಡೆದು, ಚೂರುಗಳನ್ನು ತೂಗಿ ಹೆಸರು ಹೇಳುತ್ತದೆ. ಹೆಸರು ಸಿಗುತ್ತದೆ, ಪದಾರ್ಥ ಹೋಗುತ್ತದೆ. ಮೂರು ಮಿಲಿಲೀಟರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೇ ಮುಗಿಯಿತು.

ಸಾವಂತ್ರವ್ವ ದಿನವೂ ಬಂದು ಶೀಶೆಗಳನ್ನು ಮೂಸುತ್ತಿದ್ದಳು. ನಾಲ್ಕು ಮೂಸಿದ ಮೇಲೆ ತನ್ನ ಸೆರಗನ್ನು ಮೂಗಿಗೆ ಹಿಡಿದು ಒಂದು ಉಸಿರು ತೆಗೆದುಕೊಳ್ಳುತ್ತಿದ್ದಳು. ಮಾರ್ಕೆಟ್ಟಿನಲ್ಲಿ ದರ್ಜೆ ಹೇಳುವವರೆಲ್ಲ ಮಾಡುವುದೇ ಇದು. ತಮ್ಮ ಮೈವಾಸನೆ ಮೂಸಿಕೊಂಡರೆ ದಣಿದ ಮೂಗು ಮತ್ತೆ ಸರಿಯಾಗುತ್ತದೆ.

"ಇದು ಹುಳಿ ಮಜ್ಜಿಗಿ. ಇದು ಮಳಿ ಬಿದ್ದ ಕಂಬಳಿ. ಇದಕ್ಕ ವಾಸ್ನಿನ ಇಲ್ಲ. ಇದು... ಏನೋ ಐತಿ, ಆದ್ರ ಅಕಿ ಅಲ್ರಿ."

"ಒಂದರಲ್ಲೂ ಇಲ್ವಾ?"

"ಒಂದೊಂದರಾಗ ಹುಡುಕಿದ್ರ ಮನಷಾ ಸಿಗತಾನೇನ್ರಿ?"

ಹನ್ನೊಂದು ದಿನವಾಯಿತು. ಕೂಸು ನಾಲ್ಕು ಕಿಲೋ ಒಂಬೈನೂರಕ್ಕೆ ಬಂದಿತ್ತು. ಮೂಗಿನಲ್ಲಿ ನಳಿಗೆ ಹಾಕಿ ಹಾಲು ಬಿಡುತ್ತಿದ್ದರು. ಅಳುವುದಕ್ಕೂ ಅದಕ್ಕೆ ಶಕ್ತಿ ಇರಲಿಲ್ಲ. ನಿಂಬವ್ವ ಕೋಣೆಯ ಮೂಲೆಯಲ್ಲಿ ದೂರ ಕುಳಿತು ಹಾಲು ಹಿಂಡಿ ಕೊಡುತ್ತಿದ್ದಳು. ಹತ್ತಿರ ಹೋಗಲು ಅವಳಿಗೇ ಹೆದರಿಕೆ. ಹೆತ್ತ ಕೂಸಿಗೆ ಹೆದರುವುದೆಂದರೆ ಏನೆಂದು ಯಾರಿಗೆ ಹೇಳಿಕೊಳ್ಳಬೇಕು?

ಅಂದು ಕೃಪಾಕರರು ಮುನ್ನೂರ ಹನ್ನೆರಡನ್ನೂ ಮೊದಲಿದ್ದ ಪ್ರಮಾಣದಲ್ಲೇ ಕೂಡಿಸಿ ಅದರಲ್ಲಿ ಹತ್ತಿ ಅದ್ದಿ ತಂದರು. ಇದ್ದದ್ದೆಲ್ಲ ಅಷ್ಟೇ. ಸಾವಂತ್ರವ್ವ ಮೂಸಿ, "ಹತ್ತಿರ ಬಂದೈತಿ. ಆದ್ರ ಇಕಿ ತಂಗಿ ಇದ್ದಂಗ ಐತಿ, ಇಕಿ ಅಲ್ಲ," ಎಂದಳು. ಆದರೂ ಸೊಸೆಯ ಕುತ್ತಿಗೆಗೆ, ಎದೆಗೆ ಹಚ್ಚಿದಳು. ಕೂಸನ್ನು ತಂದು ಮಡಿಲಿಗೆ ಹಾಕಿದರು. ಪಾರಿ ಕಣ್ಣು ಬಿಟ್ಟಿತು. ಮೂಗು ಅರಳಿಸಿತು. ಕೂಸು ಮುಖ ತಿರುಗಿಸಿ ಸಣ್ಣಗೆ ನರಳಿತು.

ನಿಂಬವ್ವ ಕೂಸನ್ನು ಮೇಲಕ್ಕೆತ್ತಿ ಕೊಟ್ಟಳು. ಹತ್ತಿರ ಇದ್ದ ಕೃಪಾಕರರು ಕೈಚಾಚಿ ಎತ್ತಿಕೊಂಡರು. ಎತ್ತಿಕೊಂಡದ್ದೇ ತಡ, ಕೂಸು ಅವರ ಬಲತೋಳಿನ ಕಡೆ ಮುಖ ಹೊರಳಿಸಿತು. ಬಿಳಿ ಕೋಟಿನ ತೋಳಿನ ತುದಿಗೆ ಮೂಗು ಒತ್ತಿತು. ಬಾಯಿ ತೆರೆಯಿತು. ಆ ಬಟ್ಟೆಯನ್ನು ಬಾಯಿಗೆ ತೆಗೆದುಕೊಂಡು ಚೀಪತೊಡಗಿತು.

"ಇದೇನ್ರಿ ಇದು," ಎಂದಳು ನಿಂಬವ್ವ, ಸತ್ತ ಧ್ವನಿಯಲ್ಲಿ. "ನನ್ನ ಕೂಸು ಗಂಡಸಿನ ಕೋಟು ಚೀಪಾಕತ್ತೈತಿ."

ಕೃಪಾಕರರು ತಮ್ಮ ತೋಳಿನ ಕಡೆ ನೋಡಿದರು. ಬೇರ್ಪಡಿಸಲು ಕುಳಿತ ದಿನ ಕುಪ್ಪಿಯ ಕತ್ತು ಮುರಿಯುವಾಗ ಎರಡು ಹನಿ ತೋಳಿಗೆ ಚೆಲ್ಲಿತ್ತು. ಇನ್ನೂ ಬೇರ್ಪಡಿಸದ ರಸ, ವಿಷವೂ ಸೇರಿ ಇದ್ದದ್ದು ಇದ್ದ ಹಾಗೆ. ಹನ್ನೊಂದು ದಿನದ ಗಡಿಬಿಡಿಯಲ್ಲಿ ಕೋಟು ಒಗೆಯಲು ಅವರಿಗೆ ಪುರುಸೊತ್ತು ಆಗಿರಲಿಲ್ಲ. ಕೂಸು ತಾಯಿಯನ್ನು ಗುರುತಿಟ್ಟುಕೊಂಡದ್ದು ಆ ಅರವತ್ತೊಂದನ್ನೂ ಸೇರಿಸಿಕೊಂಡೇ. ಹುಟ್ಟಿದ ದಿನದಿಂದ ಅದಕ್ಕೆ ಗೊತ್ತಿದ್ದ ತಾಯಿ ಅವಳು, ಔಷಧಿ ಹೊಡೆದ ಮೆಣಸಿನಕಾಯಿಯ ತೊಟ್ಟು ಮುರಿಯುವವಳು. ಅದರಲ್ಲಿ ಕೆಟ್ಟದ್ದನ್ನು ಮಾತ್ರ ತೆಗೆದು ಕೊಟ್ಟಾಗ ಅದಕ್ಕೆ ಅವಳು ಬೇರೆ ಯಾರೋ ಆಗಿದ್ದಳು.

ಸಾವಂತ್ರವ್ವ ಯೋಚಿಸುತ್ತಾ ನಿಲ್ಲುವವಳಲ್ಲ. ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡು, ಡಾಕ್ಟರ ಮೈಮೇಲೆ ಇರುವಾಗಲೇ ಕೋಟಿನ ತೋಳನ್ನು ಕತ್ತರಿಸಿದಳು. ಸೊಸೆಯ ಕುತ್ತಿಗೆಗೆ ಸುತ್ತಿ, ಅದರ ತುದಿ ಎದೆಯ ಮೇಲೆ ಬರುವಂತೆ ಪಿನ್ನು ಚುಚ್ಚಿದಳು. ಕೂಸನ್ನು ಇಟ್ಟಳು. ಕೂಸು ಮೂಸಿತು, ಹುಡುಕಿತು, ಹಿಡಿಯಿತು. ಗುಟುಕು ಗುಟುಕಾಗಿ ಕುಡಿಯುವ ಸದ್ದು ಕೋಣೆಯಲ್ಲೆಲ್ಲ ಕೇಳಿತು. ಒಂದು ತೋಳಿಲ್ಲದ ಕೋಟಿನಲ್ಲಿ ಕೃಪಾಕರರು ಗೋಡೆಯ ಕಡೆ ತಿರುಗಿ ನಿಂತು ಅತ್ತರು.

ವಾಸನೆ ಆವಿಯಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ದಿನವೂ ಆ ಬಟ್ಟೆಯ ಒಂದು ನೂಲು ಕಿತ್ತು ಅಳೆಯುತ್ತಿದ್ದರು. ನಾಲ್ಕನೆಯ ದಿನ ಅರ್ಧ, ಎಂಟನೆಯ ದಿನ ಕಾಲು. ಆದರೆ ವಾಸನೆ ಇಷ್ಟಿಷ್ಟೇ ಇಳಿದಂತೆ ಕೂಸು ಇಷ್ಟಿಷ್ಟೇ ಒಗ್ಗಿಕೊಂಡಿತು. ಇಪ್ಪತ್ತನೆಯ ದಿನ ಬಟ್ಟೆಯಲ್ಲಿ ಏನೂ ಉಳಿದಿರಲಿಲ್ಲ, ಪಾರಿ ಕುಡಿಯುತ್ತಲೇ ಇತ್ತು. ವಾಸನೆಯಿಲ್ಲದವಳೇ ಅವ್ವ ಎಂದು ಅದು ಕಲಿತುಕೊಂಡಿತ್ತು. ಕೃಪಾಕರರು ದೊಡ್ಡ ವರದಿ ಬರೆದರು. ಬೇರೆ ತಾಯಂದಿರಿಗೂ ಹಾಗೇ ಮಾಡಿದರು, ಸೂಜಿಗೆ ಮೊದಲೇ ಒಂದು ಸೀರೆ ಒಗೆಯದೆ ಎತ್ತಿಡಿಸಿ. ಎಲ್ಲ ಸುಸೂತ್ರ ಎಂದುಕೊಂಡರು.

ಪಾರಿಗೆ ಎಂಟು ತಿಂಗಳಾಯಿತು. ತನ್ನವರು ಯಾರು, ಬೇರೆಯವರು ಯಾರು ಎಂದು ಕೂಸುಗಳು ವಿಂಗಡಿಸಿಕೊಳ್ಳುವ ಕಾಲ ಅದು. ಓಣಿಯಲ್ಲಿ ಆ ಹೊತ್ತಿಗೆ ಹದಿನಾಲ್ಕು ಹೆಂಗಸರು ಸೂಜಿ ಹಾಕಿಸಿಕೊಂಡಿದ್ದರು. ಹದಿನಾಲ್ಕು ಜನಕ್ಕೂ ಒಂದೇ ವಾಸನೆ, ಅಂದರೆ ಇಲ್ಲದ ವಾಸನೆ. ಪಾರಿ ಹದಿನಾಲ್ಕು ಜನರ ಹತ್ತಿರವೂ ನಗುನಗುತ್ತಾ ಹೋಗುತ್ತಿತ್ತು. ಮೊದಮೊದಲು ಎಲ್ಲರಿಗೂ ಅದೊಂದು ಚೇಷ್ಟೆ. "ಇದು ನಿಮ್ಮ ಮನಿ ಕೂಸೋ ನಮ್ಮ ಮನೀದೋ?" ಎಂದು ನಗಾಡುತ್ತಿದ್ದರು. ಆಮೇಲೆ ಒಂದು ದಿನ ಸಾವಂತ್ರವ್ವ ಮಾರ್ಕೆಟ್ಟಿನಿಂದ ಬಂದು ಕೈ ಚಾಚಿದಾಗ ಕೂಸು ಚೀರಿತು.

ಸಾವಂತ್ರವ್ವ ಕೈ ತೊಳೆದು ಬಂದಳು. ಚೀರಿತು. ಸೋಪು ಹಚ್ಚಿ ಸ್ನಾನ ಮಾಡಿ, ಹೊಸ ಸೀರೆ ಉಟ್ಟು ಬಂದಳು. ಬೆನ್ನು ಬಿಲ್ಲಾಗಿಸಿ ಚೀರಿತು. ನಲವತ್ತು ವರ್ಷದ ಮೆಣಸಿನಕಾಯಿ, ಹೊಗೆ, ಎಲೆಅಡಿಕೆ, ಅರವತ್ತು ವರ್ಷದ ಬೆವರು ಎಲ್ಲ ಅವಳ ಮೈಯಲ್ಲಿದ್ದವು, ತೊಳೆದರೆ ಹೋಗುವಂಥವಲ್ಲ. ಮೂಗಿನ ನಳಿಗೆ ಹಿಡಿದು ಹನ್ನೊಂದು ದಿನ ತೊಡೆಯ ಮೇಲೆ ಮಲಗಿಸಿಕೊಂಡಿದ್ದವಳು ಹೊಸ್ತಿಲಾಚೆ ಕುಳಿತು ಮೊಮ್ಮಗಳನ್ನು ದೂರದಿಂದ ನೋಡುವ ಹಾಗಾಯಿತು. ಪಕ್ಕದ ಮನೆಯ ಹೆಂಗಸಿನ ತೋಳಲ್ಲಿ ಕೂಸು ಕೇಕೆ ಹಾಕುವುದನ್ನು ನೋಡಿ ಅವಳು ಹೊಟ್ಟೆಕಿಚ್ಚು ಪಡುತ್ತಿದ್ದಳು. ಹೇಳಿಕೊಳ್ಳಲೂ ನಾಚಿಕೆ.

ಒಂದು ಬೆಳಿಗ್ಗೆ ಕೇಂದ್ರದಲ್ಲಿ ಬಾಣಂತಿಯರ ಸಾಲಿನಲ್ಲಿ ಅವಳು ಕುಳಿತಿದ್ದಳು, ಕುಪ್ಪಸದ ತೋಳು ಮೇಲಕ್ಕೆ ಸರಿಸಿಕೊಂಡು. ಕೃಪಾಕರರು ನೋಡಿ ಹತ್ತಿರ ಬಂದರು.

"ನಿಮಗ್ಯಾಕಮ್ಮ ಇದು? ನೀವೇನು ಹಾಲು ಕುಡಿಸಬೇಕಾ?"

"ಮೊಮ್ಮಗಳು ಬರವಲ್ಲಳ್ರಿ ನನ್ನ ಹತ್ರ."

ಅವರು ಪಕ್ಕದಲ್ಲಿ ಕುಳಿತರು. "ಸ್ವಲ್ಪ ತಡೀರಿ. ನಿಂಬವ್ವನ ಮಣಿಗಳು ಇನ್ನು ಮೂರು ತಿಂಗಳಿಗೆ ಮುಗೀತವೆ. ಅವಳ ವಾಸನೆ ಬರತ್ತೆ. ಕೂಸು ಮತ್ತೆ..."

"ಬಂದ ಮ್ಯಾಲೆ ಮತ್ತ ಸೂಜಿ ಚುಚ್ಚೂದಿಲ್ಲೇನ್ರಿ? ಮಣ್ಣಾಗಿನ ವಿಷ ಎಲ್ಲಿಗೆ ಹೋಕ್ಕೈತಿ?"

ಚುಚ್ಚುತ್ತಾರೆ. ಚುಚ್ಚಲೇಬೇಕು, ಕಾನೂನು ಇದೆ. ಕೃಪಾಕರರು ಮೆಲ್ಲಗೆ, "ನಿಮ್ಮ ಕೆಲಸ? ಮೂಗು ದಣಿದರೆ ನಿಮಗೆ ನಿಮ್ಮ ಮೈವಾಸನೆಯೇ ಬೇಕಲ್ವಾ?" ಎಂದರು.

"ಬಿಟ್ನಿರಿ. ನಿನ್ನೆನ ಹೇಳಿ ಬಂದೆ." ಅವಳು ತೋಳನ್ನು ಮುಂದಕ್ಕೆ ಚಾಚಿದಳು. "ಬಡಬಡ ಚುಚ್ಚರಿ, ಮನಿಗೆ ಹೋಗಾಕ ಮತ್ತ ಮೂರು ದಿನ ಕಾಯಬೇಕು."

ಬೇಡವೆನ್ನಲು ಅವರ ಬಳಿ ಒಂದೂ ಕಾರಣವಿರಲಿಲ್ಲ. ಅವಳ ರಕ್ತದಲ್ಲೂ ಮಿತಿಗಿಂತ ಮೂರು ಪಟ್ಟು ವಿಷವಿತ್ತು. ಸೂಜಿಯನ್ನು ಅವರೇ ಹಾಕಿದರು. ತೆರೆಯ ಮೇಲೆ ಸಾವಂತ್ರವ್ವನ ಶಿಖರಗಳು ಮಲಗುವುದನ್ನು ನೋಡುತ್ತಾ ನಿಲ್ಲಲು ಅವರಿಗೆ ಆಗಲಿಲ್ಲ, ಹೊರಗೆ ಹೋದರು.

ನಾಲ್ಕನೆಯ ದಿನ ಸಾವಂತ್ರವ್ವ ಮನೆಗೆ ಬಂದಳು. ಪಾರಿ ಅಂಗಳದಲ್ಲಿ ಅಂಬೆಗಾಲಿಡುತ್ತಿತ್ತು. ಅವಳು ಕರೆಯಲಿಲ್ಲ, ಹೆದರಿಕೊಂಡು ಮೆಟ್ಟಿಲ ಮೇಲೆ ಕುಳಿತು ಕೈ ಚಾಚಿದಳು ಅಷ್ಟೇ. ಕೂಸು ಬಂತು. ಮೊಣಕಾಲು ಹಿಡಿದು ಎದ್ದು, ತೊಡೆ ಹತ್ತಿ, ಕುತ್ತಿಗೆಗೆ ಮುಖ ಒತ್ತಿ ಮೂಸಿತು.

"ಅವ್ವಾ," ಎಂದಿತು.

"ಅವ್ವ ಅಲ್ಲ ನನ್ನ ಬಂಗಾರ. ನಾ ನಿನ್ನ ಆಯಿ. ನಿಮ್ಮಪ್ಪನ ಅವ್ವ."

"ಅವ್ವಾ," ಎಂದಿತು ಮತ್ತೆ. ಬೀದಿಯಲ್ಲಿ ಕೊಡ ಹಿಡಿದು ಹೊರಟಿದ್ದ ಪಕ್ಕದ ಮನೆಯವಳನ್ನು ಕಂಡು, ಅವಳ ಕಡೆಗೂ ಕೈ ಚಾಚಿ, "ಅವ್ವಾ," ಎಂದಿತು.

ಬಾಗಿಲಲ್ಲಿ ನಿಂತಿದ್ದ ನಿಂಬವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಾವಂತ್ರವ್ವ ಕೂಸನ್ನು ಎದೆಗೆ ಬಿಗಿಯಾಗಿ ಅವಚಿಕೊಂಡು ಸೊಸೆಯ ಕಡೆ ನೋಡಿದಳು.

"ಯಾರ ಹತ್ರ ಬಂದೇನಿ ಅಂತ ಅದಕ್ಕ ಗೊತ್ತಿಲ್ಲ ಬಿಡವ್ವಾ," ಎಂದಳು. "ಬಂದೈತಲ್ಲ."